17 ಬರೆದದ್ದು 11 ಆಯ್ತು: ಮಣ್ಣಿನ ಲ್ಯಾಬ್‌ನಲ್ಲಿ ನನ್ನ ತಂಗಿ ಕಲಿತದ್ದು, ನಾನು ಕಲಿತದ್ದು

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನನಗೆ ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ. ವಿ-1 ತಳಿ, ಹನಿ ನೀರಾವರಿ. ವರ್ಷಕ್ಕೆ ಐದು ಬೆಳೆ ಹುಳು ಮೇಯಿಸ್ತೀವಿ. ನಮ್ಮ ತಾಲ್ಲೂಕಿನಲ್ಲಿ ಗೂಡಿನ ಲೆಕ್ಕ ಎಲ್ಲರಿಗೂ ಗೊತ್ತು. ಮಾರುಕಟ್ಟೆಯಲ್ಲಿ ಹರಾಜು, ತೂಕ, ಹಣ ಎಲ್ಲಾ ಫೋನಿಗೆ ಬಂದುಬಿಟ್ಟಿದೆ. ಆದರೆ ಗೂಡಿಗಿಂತ ಮುಂಚೆ ಸೊಪ್ಪು, ಸೊಪ್ಪಿಗಿಂತ ಮುಂಚೆ ಮಣ್ಣು. ಆ ಮಣ್ಣಿನ ಲೆಕ್ಕದಲ್ಲಿ ಒಂದೇ ಒಂದು ಅಂಕಿ ತಪ್ಪಿದ್ದಕ್ಕೆ ನಾನು ಒಂದೂವರೆ ವರ್ಷ ಪೆಟ್ಟು ತಿಂದೆ. ಅದು ಹೇಗಾಯ್ತು, ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಹೋದ ಇಬ್ಬರು ವಿದ್ಯಾರ್ಥಿಗಳು ಅದನ್ನ ಹೇಗೆ ಹಿಡಿದರು, ಅದರಿಂದ ನಿಮಗೇನು ಉಪಯೋಗ ಅಂತ ಈ ವಾರ ಹೇಳ್ತೀನಿ.

ರಿಪೋರ್ಟ್ ನೋಡಿ ಖುಷಿಪಟ್ಟೆ

ಮೊದಲ ಸಲ ಮಣ್ಣು ಪರೀಕ್ಷೆ ಮಾಡಿಸಿದಾಗ ನನ್ನ ರಿಪೋರ್ಟ್‌ನಲ್ಲಿ ಸಾವಯವ ಇಂಗಾಲ 1.35 ಅಂತ ಬಂತು. ಪಕ್ಕದಲ್ಲೇ 'ಹೆಚ್ಚು' ಅಂತ ಬರೆದಿತ್ತು. ನಮ್ಮ ಕಡೆ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲಿದ್ದರೆ ಹೆಚ್ಚು ಅಂತ ಲೆಕ್ಕ. ನನಗೆ ಆವಾಗ ಇದೆಲ್ಲ ಗೊತ್ತಿರಲಿಲ್ಲ. 'ಹೆಚ್ಚು' ಅನ್ನೋ ಮಾತು ಮಾತ್ರ ಕಣ್ಣಿಗೆ ಬಿತ್ತು.

ಅಪ್ಪ ಅವತ್ತೇ ಅನುಮಾನಪಟ್ಟಿದ್ದರು. "ಕೆಂಪು ಮಣ್ಣು ಕಣಪ್ಪ ಇದು. ಅಷ್ಟೊಂದು ಸತ್ವ ಎಲ್ಲಿಂದ ಬಂತು?" ಅಂದರು. ನಾನು ಕೇಳಲಿಲ್ಲ. ಲ್ಯಾಬ್‌ನವರು ಮೆಷಿನ್ ಇಟ್ಟು ನೋಡಿರ್ತಾರೆ, ಅಪ್ಪನಿಗೇನು ಗೊತ್ತು ಅಂದ್ಕೊಂಡೆ. ಆ ವರ್ಷ ಕೊಟ್ಟಿಗೆ ಗೊಬ್ಬರ ಹೊಡೆಸೋದನ್ನ ನಿಲ್ಲಿಸಿದೆ. ಮುಂದಿನ ವರ್ಷವೂ ಅರ್ಧ ದಾಟೋವರೆಗೂ ಹೊಡೆಸಲಿಲ್ಲ. ಗೊಬ್ಬರದ ಲೋಡಿನ ದುಡ್ಡು ಉಳೀತು ಅಂತ ಖುಷಿಪಟ್ಟೆ.

ಗೊಬ್ಬರ ನಿಲ್ಲಿಸು ಅಂತ ರಿಪೋರ್ಟ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಅದು ನನ್ನದೇ ತೀರ್ಮಾನ. ಆದರೆ ಆ ಅಂಕಿ ನೋಡಿಯೇ ತೀರ್ಮಾನ ಮಾಡಿದ್ದು.

ಮೂರನೇ ಬೆಳೆ ಹೊತ್ತಿಗೆ ಸೊಪ್ಪು ತೆಳ್ಳಗಾಯ್ತು, ರೆಂಬೆ ಗಿಡ್ಡ ಆಯ್ತು. ನೀರು ಬಿಟ್ಟ ಮಾರನೇ ದಿನಕ್ಕೇ ಮಣ್ಣು ಗಟ್ಟಿ ಹಿಡಿಯೋಕೆ ಶುರುವಾಯ್ತು. 100 ಮೊಟ್ಟೆಗೆ 80 ಕೆಜಿ ಹತ್ತಿರ ಗೂಡು ತೆಗೀತಿದ್ದ ಮನೆಯಲ್ಲಿ 62ಕ್ಕೆ ಇಳೀತು. ಎಲ್ಲಾ ಮಣ್ಣಿನಿಂದಲೇ ಆಯ್ತು ಅಂತ ನಾನು ಹೇಳಲ್ಲ. ಬಿಸಿಲೂ ಇತ್ತು, ಒಂದು ಬೆಳೆಗೆ ಸಪ್ಪೆ ರೋಗವೂ ಬಂತು. ಆದರೆ ಸೊಪ್ಪು ಸರಿಯಿಲ್ಲದಿದ್ದರೆ ಹುಳುವಿಗೆ ತಡ್ಕೊಳ್ಳೋ ಶಕ್ತಿ ಎಲ್ಲಿಂದ ಬರಬೇಕು?

ತಂಗಿ ಫೋನ್ ಮಾಡಿದಳು

ನನ್ನ ತಂಗಿ ಕೆಮಿಸ್ಟ್ರಿ ತಗೊಂಡು ಬಿ.ಎಸ್ಸಿ. ಓದ್ತಿದ್ದಾಳೆ. ಕೊನೇ ವರ್ಷದಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಬೇಕಿತ್ತು. ಅವಳು ಹೋಗಿದ್ದು ನಮ್ಮ ಕಡೆಯದೇ ಒಂದು ಮಣ್ಣು ಪರೀಕ್ಷೆ ಪ್ರಯೋಗಾಲಯಕ್ಕೆ. ಹೆಸರು ಬೇಡ. ಅಲ್ಲಿನವರು ಒಳ್ಳೆಯವರು, ಕೆಲಸ ವಿಪರೀತ, ಜನ ಕಡಿಮೆ. ಅವಳ ಜೊತೆ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದ ಒಬ್ಬ ಹುಡುಗನೂ ಇದ್ದ. ರಿಜಿಸ್ಟರ್‌ನಲ್ಲಿ ಕೈಯಲ್ಲಿ ಬರೆಯೋ ಲೆಕ್ಕವನ್ನ ಫೋನಿನಲ್ಲೋ ಟ್ಯಾಬ್‌ನಲ್ಲೋ ಬರೆಯೋ ಹಾಗೆ ಮಾಡಿ ಅಂತ ಇಬ್ಬರಿಗೂ ಕೆಲಸ ಕೊಟ್ಟಿದ್ದರು.

ಅವರು ಮಾಡಿದ ಲೆಕ್ಕದ ಹಾಳೆ ಸರಿಯಾಗಿದೆಯಾ ಅಂತ ನೋಡೋಕೆ ಹಳೇ ರಿಜಿಸ್ಟರ್‌ನ ಅಂಕಿಗಳನ್ನ ಒಂದೊಂದಾಗಿ ಟೈಪ್ ಮಾಡಿ ತಾಳೆ ನೋಡ್ತಿದ್ದರು. ಒಂದು ಸಂಜೆ ತಂಗಿ ಫೋನ್ ಮಾಡಿದಳು.

"ಅಣ್ಣ, ನಿನ್ನ ಮಣ್ಣಿನ ರಿಪೋರ್ಟ್ ಇನ್ನೂ ಇದೆಯಾ? ಅದರಲ್ಲಿ ಇಂಗಾಲ ಎಷ್ಟು ಬರೆದಿದೆ ನೋಡು."

"1.35. ಯಾಕೆ?"

"ಮೊದಲು ಬರೆದ ನೋಟ್ ಬುಕ್‌ನಲ್ಲಿ ನಿನ್ನ ನಂಬರಿಗೆ 17 ಅಂತಿದೆ. ರಿಜಿಸ್ಟರಿಗೆ ಇಳಿಸುವಾಗ 11 ಆಗಿದೆ. ನಮ್ಮ ಹಾಳೆ 0.45 ತೋರಿಸ್ತಿದೆ ಅಣ್ಣ."

ಒಂದು ನಿಮಿಷ ನನಗೆ ಮಾತೇ ಹೊರಡಲಿಲ್ಲ. 0.45 ಅಂದ್ರೆ 'ಕಡಿಮೆ'. ಗೊಬ್ಬರ ಜಾಸ್ತಿ ಬೇಕಾಗಿದ್ದ ತೋಟಕ್ಕೆ ನಾನು ಗೊಬ್ಬರವನ್ನೇ ನಿಲ್ಲಿಸಿದ್ದೆ.

ಒಂದು ಗೆರೆ ಎಷ್ಟು ಕೆಲಸ ಮಾಡುತ್ತೆ?

ಸಾವಯವ ಇಂಗಾಲ ಅಳೆಯೋ ವಿಧಾನ ಹಳೆಯದು. ವಾಕ್ಲಿ ಮತ್ತು ಬ್ಲ್ಯಾಕ್ ಎಂಬ ಇಬ್ಬರು ವಿಜ್ಞಾನಿಗಳು 1934ರಲ್ಲಿ ಪ್ರಕಟಿಸಿದ ವಿಧಾನವನ್ನೇ ಈಗಲೂ ಬಹಳಷ್ಟು ಲ್ಯಾಬ್‌ಗಳು ಬಳಸುತ್ತವೆ. ಒಂದು ಗ್ರಾಂ ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ, ಮೇಲೆ ಗಂಧಕಾಮ್ಲ ಹಾಕಿ ಅರ್ಧ ಗಂಟೆ ಬಿಡ್ತಾರೆ. ಮಣ್ಣಿನ ಇಂಗಾಲ ಅಷ್ಟು ಡೈಕ್ರೋಮೇಟನ್ನ ತಿನ್ನುತ್ತೆ. ಉಳಿದದ್ದು ಎಷ್ಟು ಅಂತ ತಿಳಿಯೋಕೆ ಬ್ಯೂರೆಟ್ ಅನ್ನೋ ಉದ್ದನೆಯ ಗಾಜಿನ ಕೊಳವೆಯಿಂದ ಫೆರಸ್ ಅಮೋನಿಯಂ ಸಲ್ಫೇಟ್ ದ್ರಾವಣವನ್ನ ಹನಿಹನಿಯಾಗಿ ಬಿಡ್ತಾರೆ. ನೇರಳೆ ಮಿಶ್ರಿತ ನೀಲಿ ಬಣ್ಣ ಹಸಿರಿಗೆ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಮಿಲಿ ಇಳೀತು ಅಂತ ಬರೀತಾರೆ. ಮಣ್ಣಿನಲ್ಲಿ ಇಂಗಾಲ ಹೆಚ್ಚಿದ್ದಷ್ಟೂ ಇಳಿಯೋ ದ್ರಾವಣ ಕಡಿಮೆ.

ಮಣ್ಣು ಹಾಕದೆ ಇದನ್ನೇ ಇನ್ನೊಂದು ಸಲ ಮಾಡ್ತಾರೆ. ಅದಕ್ಕೆ ಬ್ಲ್ಯಾಂಕ್ ಅಂತಾರೆ. ಈಗ ಲೆಕ್ಕ ನೋಡಿ. ಬ್ಲ್ಯಾಂಕ್‌ಗೆ 20 ಮಿಲಿ, ನನ್ನ ಮಣ್ಣಿಗೆ 17 ಮಿಲಿ. ವ್ಯತ್ಯಾಸ 3. ಅದನ್ನ ದ್ರಾವಣದ ಸಾಮರ್ಥ್ಯ 0.5ರಿಂದ, ಆಮೇಲೆ 0.003ರಿಂದ, ಆಮೇಲೆ 100ರಿಂದ ಗುಣಿಸಿ, ಮಣ್ಣಿನ ತೂಕ 1 ಗ್ರಾಂನಿಂದ ಭಾಗಿಸಿದರೆ 0.45. ಅದೇ 17ರ ಜಾಗದಲ್ಲಿ 11 ಬಿದ್ದರೆ ವ್ಯತ್ಯಾಸ 9, ಉತ್ತರ 1.35. ಒಂದಕ್ಕೆ ಮೂರು ಪಟ್ಟು! ಏಳರ ಮೇಲಿನ ಗೆರೆ ಚಿಕ್ಕದಾಗಿದ್ದರೆ ಯಾರ ಕಣ್ಣಿಗಾದರೂ ಅದು ಒಂದೇ. ರಾಸಾಯನಿಕ ಸರಿ ಇತ್ತು, ಅಳೆದವರ ಕೈ ಸರಿ ಇತ್ತು, ಲೆಕ್ಕದ ಸೂತ್ರವೂ ಸರಿ ಇತ್ತು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಇಳಿಸುವಾಗ ಜಾರಿತು.

ಮೊದಲ ಆ್ಯಪ್ ಮೂರೇ ದಿನಕ್ಕೆ ಮೂಲೆ ಸೇರಿತು

ಇದನ್ನ ಕೇಳಿದ ಮೇಲೆ "ಹಾಗಾದ್ರೆ ನಿಮ್ಮ ಆ್ಯಪ್ ಇದ್ದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?" ಅಂದೆ. ತಂಗಿ ನಕ್ಕಳು. "ನಾವು ಮೊದಲು ಮಾಡಿದ್ದನ್ನ ಮೇಡಂ ಮೂರು ದಿನಕ್ಕೇ ಪಕ್ಕಕ್ಕಿಟ್ಟು ಮತ್ತೆ ನೋಟ್ ಬುಕ್ ತಗೊಂಡ್ರು" ಅಂದಳು.

ಕಾರಣ ಕೇಳಿದರೆ ನಮಗೂ ಪಾಠ ಇದೆ. ಮೊದಲನೆಯದು ಇಂಗ್ಲಿಷಿನಲ್ಲಿತ್ತು. ಒಂದೇ ಪುಟದಲ್ಲಿ ಇಪ್ಪತ್ತು ಖಾನೆ, ಅಕ್ಷರ ಸಣ್ಣದು. ಟೆಕ್ನೀಷಿಯನ್ ಮೇಡಂ ಕೈಯಲ್ಲಿ ಗ್ಲೌಸ್, ಗ್ಲೌಸ್ ಮೇಲೆ ಆ್ಯಸಿಡ್. ಆ ಕೈಯಲ್ಲಿ ಫೋನ್ ಮುಟ್ಟೋಕೆ ಆಗುತ್ತಾ? ನೆಟ್‌ವರ್ಕ್ ಹೋದರೆ ಅರ್ಧ ತುಂಬಿದ್ದೆಲ್ಲಾ ಮಾಯ. ಪೆನ್ನು ಪುಸ್ತಕಕ್ಕೆ ಈ ಯಾವ ತೊಂದರೆಯೂ ಇಲ್ಲ.

ಆಮೇಲೆ ಇಬ್ಬರೂ ಕೋಡ್ ಬರೆಯೋದನ್ನ ನಿಲ್ಲಿಸಿ ಒಂದು ವಾರ ಮೇಡಂ ಪಕ್ಕದಲ್ಲೇ ನಿಂತರು. ಯಾವಾಗ ಕೈ ಖಾಲಿ ಇರುತ್ತೆ, ಯಾವ ಅಂಕಿ ಎಲ್ಲಿ ಬರೀತಾರೆ, ಎಲ್ಲಿ ಎರಡೆರಡು ಸಲ ಬರೀತಾರೆ ಅಂತ ನೋಡಿದರು. ಆಮೇಲೆ ಮಾಡಿದ್ದು ಇಷ್ಟು:

ಮೊದಲನೆಯದು, ಮಣ್ಣಿನ ಚೀಲ ಬಂದ ಕೂಡಲೇ ಅದಕ್ಕೆ ಕ್ಯೂಆರ್ ಕೋಡ್ ಇರೋ ಸ್ಟಿಕ್ಕರ್. ಅದೇ ನಂಬರ್ ಬಾಟಲಿಗೂ, ಫ್ಲಾಸ್ಕಿಗೂ, ಕೊನೆಗೆ ರಿಪೋರ್ಟಿಗೂ.

ಎರಡನೆಯದು, ಮೇಜಿನ ಕೊನೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಟ್ಯಾಬ್. ಒಂದು ಪರದೆಯಲ್ಲಿ ಒಂದೇ ಪ್ರಶ್ನೆ, ದೊಡ್ಡ ಅಂಕಿಗಳು, ಕನ್ನಡದಲ್ಲಿ. ಗ್ಲೌಸ್ ಹಾಕಿದವರು ಗಟ್ಟಿಯಾಗಿ ಅಂಕಿ ಹೇಳ್ತಾರೆ, ಇನ್ನೊಬ್ಬರು ಒತ್ತಿ, ತಿರುಗಿ ಓದಿ ಹೇಳ್ತಾರೆ. ಬ್ಯೂರೆಟ್‌ನ ಶುರುವಿನ ಅಂಕಿ, ಕೊನೆಯ ಅಂಕಿ ಎರಡನ್ನೂ ಹಾಕಬೇಕು. ಕಳೆಯೋ ಕೆಲಸ ಟ್ಯಾಬ್‌ನದ್ದು.

ಮೂರನೆಯದು, ನೆಟ್‌ವರ್ಕ್ ಇಲ್ಲದಿದ್ದರೂ ಬರೆದದ್ದು ಟ್ಯಾಬ್‌ನಲ್ಲೇ ಉಳಿದು, ಬಂದಾಗ ಮೇಲೆ ಹೋಗುತ್ತೆ.

ನಾಲ್ಕನೆಯದೇ ನನಗೆ ಬೇಕಾಗಿದ್ದದ್ದು. ಉತ್ತರ ವಿಚಿತ್ರವಾಗಿ ಬಂದರೆ ಹಳದಿ ಬಣ್ಣ ತೋರಿಸಿ, 'ಇನ್ನೊಮ್ಮೆ ಪರೀಕ್ಷೆ ಮಾಡಿ' ಅನ್ನುತ್ತೆ. ಕೆಂಪು ಮಣ್ಣಿನಲ್ಲಿ ಇಂಗಾಲ ಶೇ. 1 ದಾಟಿದರೆ ಹಳದಿ. ಬ್ಲ್ಯಾಂಕ್‌ಗಿಂತ ಮಣ್ಣಿನ ಅಂಕಿ ಜಾಸ್ತಿ ಬಂದರೆ ಕೆಂಪು, ಯಾಕಂದ್ರೆ ಅದು ಆಗೋಕೇ ಸಾಧ್ಯವಿಲ್ಲ. ಅಪ್ಪ ಅವತ್ತು ಕೇಳಿದ ಪ್ರಶ್ನೆಯನ್ನೇ ಈಗ ಟ್ಯಾಬ್ ಕೇಳ್ತಿದೆ!

ಐದನೆಯದು, ತಪ್ಪಾದ ಅಂಕಿಯನ್ನ ಅಳಿಸೋಕಾಗಲ್ಲ. ಹೊಸದು ಬರೆದರೆ ಹಳೆಯದರ ಮೇಲೆ ಅಡ್ಡ ಗೆರೆ ಬಿದ್ದು, ಯಾರು ಯಾವಾಗ ತಿದ್ದಿದರು ಅಂತ ಉಳಿಯುತ್ತೆ. ನನ್ನ 17 ಸಿಕ್ಕಿದ್ದೇ ಹಳೇ ನೋಟ್ ಬುಕ್ ಯಾರೂ ಹರಿದು ಹಾಕದೆ ಇದ್ದದ್ದಕ್ಕೆ.

ದೊಡ್ಡ ಮಟ್ಟದಲ್ಲೂ ಇದೇ ಕೆಲಸ

ಇದು ನಮ್ಮ ಮನೆ ಕಥೆ ಅಷ್ಟೇ ಅಲ್ಲ. ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾಯ್ತು. ಆ ಕಾರ್ಡ್‌ನಲ್ಲಿ 12 ಅಂಶ ಇರುತ್ತೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಈಗ ಮಾದರಿ ತೆಗೆಯೋರ ಆ್ಯಪ್‌ನಲ್ಲಿ ಜಾಗದ ಗುರುತು ತಾನೇ ದಾಖಲಾಗುತ್ತೆ, ಮಾದರಿಗೆ ಕ್ಯೂಆರ್ ಕೋಡ್ ಬರುತ್ತೆ. ಅಂದ್ರೆ ಹುಡುಗರು ಸ್ಟಿಕ್ಕರ್ ಅಂಟಿಸಿ ಮಾಡಿದ್ದನ್ನ ದೇಶದ ಮಟ್ಟದಲ್ಲೂ ಮಾಡ್ತಿದ್ದಾರೆ.

ಒಂದು ವಿಷಯ ಗಮನಿಸಿ. ಆ ಯೋಜನೆ ಶುರುವಾದಾಗ ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು ಅಂತ ಇಟ್ಟಿದ್ದರು. ಎರಡೂವರೆ ಹೆಕ್ಟೇರ್ ಅಂದ್ರೆ ಆರು ಎಕರೆಗೂ ಹೆಚ್ಚು. ನಮ್ಮಂಥ ಎರಡು ಎಕರೆಯವರ ಕಾರ್ಡ್‌ನಲ್ಲಿ ಇರೋ ಅಂಕಿ ಪಕ್ಕದ ತೋಟದ ಮಣ್ಣಿನದ್ದೂ ಆಗಿರಬಹುದು. ಅದಕ್ಕೇ ನಿಮ್ಮ ತೋಟದ ಮಣ್ಣನ್ನ ನೀವೇ ತೆಗೆದು ಕೊಡೋದು ಒಳ್ಳೆಯದು.

ಲ್ಯಾಬ್ ಒಳಗೆ ಏನು ಮಾಡ್ತಾರೆ ಅಂತ ನೋಡಬೇಕಾ? ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಅನ್ನೋ ಯೋಜನೆ ಇದೆ. ಕಂಪ್ಯೂಟರ್ ಪರದೆ ಮೇಲೇ ಪ್ರಯೋಗ ಮಾಡೋ ವ್ಯವಸ್ಥೆ. ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಕೂಡ ಇದರಲ್ಲಿ ಪಾಲುದಾರ ಸಂಸ್ಥೆ. ಅಮೃತ ವಿಶ್ವವಿದ್ಯಾಪೀಠದವರು ಮಾಡಿರೋ ರಸಾಯನಶಾಸ್ತ್ರದ ಭಾಗದಲ್ಲಿ ಮಣ್ಣಿನ ರಸಸಾರ ನೋಡೋದು, ರಂಜಕ ಅಳೆಯೋದು, ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಇಂಗಾಲ ಅಳೆಯೋದು ಎಲ್ಲಾ ಇದೆ. ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿದೆ, ಆದರೆ ಬಣ್ಣ ತಿರುಗೋದು ನೋಡೋಕೆ ಭಾಷೆ ಬೇಕಿಲ್ಲ. ಇಂಥ ಹಳೇ ಪ್ರಯೋಗಗಳಲ್ಲಿ ಬಹಳಷ್ಟು ಫ್ಲ್ಯಾಶ್ ಅನ್ನೋ ತಂತ್ರಾಂಶದಲ್ಲಿದ್ದವು. 2020ರ ಕೊನೆಗೆ ಫ್ಲ್ಯಾಶ್ ನಿಂತ ಮೇಲೆ ಅವನ್ನ ಈಗಿನ ಬ್ರೌಸರ್‌ಗಳಿಗೆ ಹೊಂದೋ ಹಾಗೆ ಮತ್ತೆ ಬರೆಯಬೇಕಾಯ್ತು. ಈ ಯೋಜನೆಯ ಕೋಡ್ ಎಲ್ಲರಿಗೂ ತೆರೆದಿದೆ. ವಿದ್ಯಾರ್ಥಿಗಳೂ ಅದಕ್ಕೆ ಕೈ ಸೇರಿಸಬಹುದು.

ಕಾರ್ಡ್ ಓದುವಾಗ ಹೆಕ್ಟೇರ್ ಮೋಸ

ತಂಗಿಯವರು ಕೊನೆಗೆ ಮಾಡಿದ್ದು ರೈತರ ಕೈಗೆ ಹೋಗೋ ರಿಪೋರ್ಟ್. ನಾಲ್ಕು ಜನ ರೈತರಿಗೆ ತೋರಿಸಿದಾಗ ಮೂವರು ಒಂದೇ ಜಾಗದಲ್ಲಿ ಎಡವಿದರಂತೆ. ಶಿಫಾರಸು ಹೆಕ್ಟೇರಿಗೆ ಇರುತ್ತೆ, ನಾವು ಯೋಚಿಸೋದು ಎಕರೆಯಲ್ಲಿ.

ಉದಾಹರಣೆಗೆ ವಿ-1 ತಳಿಗೆ ನೀರಾವರಿಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ 350:140:140 ಕೆಜಿ ಸಾರಜನಕ, ರಂಜಕ, ಪೊಟ್ಯಾಷ್ ಅಂತ ಸಾಮಾನ್ಯ ಶಿಫಾರಸು. ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 140:56:56. ಐದು ಬೆಳೆಗೆ ಹಂಚಿದರೆ ಒಂದು ಬೆಳೆಗೆ ಸಾರಜನಕ 28 ಕೆಜಿ. ಯೂರಿಯಾದಲ್ಲಿ ಸಾರಜನಕ ಶೇ. 46. ಅಂದ್ರೆ ಸಾರಜನಕವನ್ನೆಲ್ಲಾ ಯೂರಿಯಾದಲ್ಲೇ ಕೊಟ್ಟರೂ ಎಕರೆಗೆ ಬೆಳೆಗೆ ಸುಮಾರು 60 ಕೆಜಿ. 45 ಕೆಜಿಯ ಚೀಲದಲ್ಲಿ ಒಂದೂ ಕಾಲು ಚೀಲದ ಮೇಲೆ ಸ್ವಲ್ಪ. ಹೆಕ್ಟೇರಿನ ಅಂಕಿಯನ್ನೇ ಎಕರೆಗೆ ಹಾಕಿದರೆ ಎರಡೂವರೆ ಪಟ್ಟು ಸುರಿದಂತೆ! ದುಡ್ಡೂ ಹೋಯ್ತು, ಸೊಪ್ಪೂ ನೀರು ನೀರು. ಕೊಟ್ಟಿಗೆ ಗೊಬ್ಬರ ವರ್ಷಕ್ಕೆ ಹೆಕ್ಟೇರಿಗೆ 20 ಟನ್, ಅಂದ್ರೆ ಎಕರೆಗೆ 8 ಟನ್. ನಿಮ್ಮ ಮಣ್ಣಿನ ರಿಪೋರ್ಟ್ ನೋಡಿ ಇದರಲ್ಲಿ ಹೆಚ್ಚು ಕಡಿಮೆ ಮಾಡ್ಕೋಬೇಕು.

ಆದ್ದರಿಂದ ಅವರ ಹೊಸ ರಿಪೋರ್ಟ್‌ನಲ್ಲಿ ಎಲ್ಲಾ ಲೆಕ್ಕ ಎಕರೆಗೆ, ಬೆಳೆಗೆ, ಚೀಲದಲ್ಲಿ. ಕೆಳಗೆ ಸಣ್ಣದಾಗಿ ಹೆಕ್ಟೇರಿನ ಅಂಕಿ.

ಆ್ಯಪ್ ಸರಿ ಮಾಡಲಾಗದ ತಪ್ಪು ನಮ್ಮ ಚೀಲದಲ್ಲಿದೆ

ತಂಗಿ ಹೇಳಿದ ಇನ್ನೊಂದು ಮಾತು ಮನಸ್ಸಿಗೆ ನಾಟಿತು. "ಅಣ್ಣ, ಲ್ಯಾಬ್‌ಗೆ ಬರೋ ಚೀಲಗಳನ್ನ ನೋಡಿದ್ರೆ ಗೊತ್ತಾಗುತ್ತೆ. ಒಂದರಲ್ಲಿ ಗೊಬ್ಬರದ ಕಾಳು ಹಾಗೇ ಇರುತ್ತೆ, ಇನ್ನೊಂದರಲ್ಲಿ ಹೆಸರೇ ಇರಲ್ಲ." ನಮ್ಮೂರಲ್ಲೇ ಒಂದೇ ಹೆಸರಿನವರು ನಾಲ್ಕು ಜನ ಇದ್ದಾರೆ. ಬರೀ ಹೆಸರು ಬರೆದರೆ ಯಾವ ತೋಟ ಅಂತ ಯಾವ ಟ್ಯಾಬ್‌ಗೂ ಗೊತ್ತಾಗಲ್ಲ.

ಮಣ್ಣು ತೆಗೆಯುವಾಗ ಇಷ್ಟು ಮಾಡಿ:

- ರೆಂಬೆ ಕಟಾವಾದ ಮೇಲೆ, ಗೊಬ್ಬರ ಹಾಕೋ ಮುಂಚೆ ತೆಗೆಯಿರಿ.
- ಬದು, ತಿಪ್ಪೆ, ಮರದ ನೆರಳು, ಕಾಲುವೆ ಪಕ್ಕ ಬೇಡ. ಹನಿ ಪೈಪಿನ ತೂತಿನ ಕೆಳಗೂ ಬೇಡ.
- ಎಕರೆಗೆ ಹತ್ತರಿಂದ ಹದಿನೈದು ಕಡೆ, ಅಂಕುಡೊಂಕಾಗಿ ನಡೆದು ತೆಗೆಯಿರಿ. ಹಿಪ್ಪುನೇರಳೆ ಬೇರು ಆಳಕ್ಕೆ ಹೋಗೋದ್ರಿಂದ ಒಂದಡಿ ಆಳದವರೆಗೂ ಮಣ್ಣು ಬರಬೇಕು.
- ಎಲ್ಲಾ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕೆಜಿ ಉಳಿಯೋವರೆಗೂ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ.
- ಹಳೇ ಗೊಬ್ಬರದ ಚೀಲ ಬಳಸಬೇಡಿ. ಚೀಟಿಯಲ್ಲಿ ಹೆಸರು, ಊರು, ಸರ್ವೆ ನಂಬರ್, ಬೆಳೆ, ತಾರೀಕು ಬರೆದು, ಚೀಟಿಯ ಫೋಟೋ ತೆಗೆದು ಇಟ್ಕೊಳ್ಳಿ.
- ಏಳನ್ನ ಬರೆಯುವಾಗ ನಡುವೆ ಒಂದು ಅಡ್ಡ ಗೆರೆ ಎಳೆಯಿರಿ. ನಾನಂತೂ ಈಗ ಹಾಗೇ ಬರೆಯೋದು.

ಮಾದರಿಯನ್ನ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬಹುದು. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಚಿಂತಾಮಣಿ ಹತ್ತಿರ ಕುರುಬೂರಿನಲ್ಲಿದೆ. ಅಲ್ಲಿಯೂ ಸಲಹೆ ಕೇಳಬಹುದು.

ಈಗ ತೋಟ ಹೇಗಿದೆ?

ತಂಗಿ ಫೋನ್ ಬಂದ ವಾರವೇ ಹೊಸದಾಗಿ ಮಣ್ಣು ತೆಗೆದು ಕೊಟ್ಟೆ. ಇಂಗಾಲ 0.42 ಬಂತು. ರಿಪೋರ್ಟನ್ನ ಅಪ್ಪನ ಕೈಗೆ ಕೊಟ್ಟೆ. ಅವರೇನೂ ಹೇಳಲಿಲ್ಲ, "ಟ್ರ್ಯಾಕ್ಟರ್‌ನವನಿಗೆ ಫೋನ್ ಮಾಡು" ಅಂದರು, ಅಷ್ಟೇ. ಕೊಟ್ಟಿಗೆ ಗೊಬ್ಬರ ಹೊಡೆಸಿ, ಸಾಲಿನ ನಡುವೆ ಸೆಣಬು ಬಿತ್ತಿ, ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಿದೆ. ಎರಡು ಬೆಳೆ ಕಳೆದ ಮೇಲೆ ಸೊಪ್ಪಿನ ಬಣ್ಣ ತಿರುಗಿದೆ. ಹೋದ ಬೆಳೆಗೆ 100 ಮೊಟ್ಟೆಗೆ 71 ಕೆಜಿ ಬಂತು. ಪೂರ್ತಿ ಸರಿಯಾಗೋಕೆ ಇನ್ನೂ ಸಮಯ ಬೇಕು. ಇಂಗಾಲ ಹೋಗೋದು ಬೇಗ, ಬರೋದು ನಿಧಾನ.

ಆ ಲ್ಯಾಬ್‌ನವರ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಗೊತ್ತಾದಾಗ ಅವರೇ ಕರೆದು ರಿಜಿಸ್ಟರ್ ತೋರಿಸಿದರು, ಅದೇ ಪುಟದಲ್ಲಿದ್ದ ಬೇರೆ ರೈತರ ಅಂಕಿಗಳನ್ನೂ ಮತ್ತೆ ತಾಳೆ ನೋಡಿದರು.

ಕೊನೆಯದಾಗಿ ಎರಡು ಮಾತು. ರಿಪೋರ್ಟ್ ಕೈಗೆ ಬಂದಾಗ 'ಹೆಚ್ಚು', 'ಕಡಿಮೆ' ಮಾತ್ರ ನೋಡಬೇಡಿ. ಅಂಕಿ ನೋಡಿ, ಅದು ಎಕರೆಗಾ ಹೆಕ್ಟೇರಿಗಾ ನೋಡಿ, ಹಳೇ ರಿಪೋರ್ಟ್ ಪಕ್ಕ ಇಟ್ಟು ನೋಡಿ. ನಿಮ್ಮ ಮಣ್ಣು ನಿಮಗೆ ಗೊತ್ತು. ಅಂಕಿ ನಂಬೋ ಹಾಗಿಲ್ಲ ಅನ್ನಿಸಿದರೆ ಸಂಕೋಚ ಇಲ್ಲದೆ ಇನ್ನೊಮ್ಮೆ ಪರೀಕ್ಷೆ ಮಾಡಿ ಅಂತ ಕೇಳಿ.

ಎರಡನೆಯದು, ಕೃಷಿ ಮತ್ತು ರೇಷ್ಮೆ ಕಾಲೇಜಿನ ವಿದ್ಯಾರ್ಥಿಗಳು ಕೊನೇ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆ ಅಂತ ಹಳ್ಳಿಗೆ ಬರ್ತಾರೆ. ಚಿಂತಾಮಣಿಯ ರೇಷ್ಮೆ ಕಾಲೇಜು ನಮಗೆ ಹತ್ತಿರದಲ್ಲೇ ಇದೆ. ನಿಮ್ಮೂರಿಗೆ ಅಂಥ ಹುಡುಗ ಹುಡುಗಿಯರು ಬಂದರೆ ಟೀ ಕೊಟ್ಟು ಕಳಿಸಿಬಿಡಬೇಡಿ. ನಿಮ್ಮ ಮಣ್ಣಿನ ಕಾರ್ಡ್ ಅವರ ಮುಂದಿಟ್ಟು, ನಿಮಗೆ ಎಲ್ಲಿ ಅರ್ಥ ಆಗಲಿಲ್ಲ ಅಂತ ಬೆರಳಿಟ್ಟು ತೋರಿಸಿ. ನನ್ನ ತಂಗಿ ಹೇಳೋ ಹಾಗೆ, ಅವರಿಗೆ ಬೇಕಾಗಿರೋದೂ ಅದೇ.